ಕುತ್ತಿಗೆಯ ಡಿಸ್ಕ್ ತೊಂದರೆ: ನೋವು ಕೈಯಲ್ಲಿ, ಮೂಲ ಕತ್ತಿನಲ್ಲಿ

ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿರುವುದು ಯಾವ ಮನೆಯಲ್ಲೂ ಹೊಸ ಸಂಗತಿಯಲ್ಲ. ದಿಂಬು ಸರಿಯಿರಲಿಲ್ಲ, ಬಸ್ಸಿನಲ್ಲಿ ಓರೆಯಾಗಿ ನಿದ್ದೆ ಬಂದಿತ್ತು ಎಂದು ಏನಾದರೊಂದು ಕಾರಣ ಹೇಳಿಕೊಳ್ಳುತ್ತೇವೆ. ಸ್ವಲ್ಪ ಮುಲಾಮು ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು ಸುಮ್ಮನಾಗುತ್ತೇವೆ. ಹೆಚ್ಚಿನ ಸಲ ಅಷ್ಟೇ ಸಾಕು, ನಾಲ್ಕಾರು ದಿನಗಳಲ್ಲಿ ಕತ್ತು ಸಡಿಲಾಗುತ್ತದೆ.

ಆದರೆ ಅದೇ ನೋವು ಹೆಗಲು ದಾಟಿ ರಟ್ಟೆಗೆ, ಅಲ್ಲಿಂದ ಬೆರಳ ತುದಿಗೆ ಇಳಿಯತೊಡಗಿದರೆ? ಬೆರಳುಗಳಲ್ಲಿ ಜೋಮು ಹಿಡಿದು ಬಿಡದಿದ್ದರೆ? ಹಿಡಿದ ಲೋಟ ಗೊತ್ತಾಗದಂತೆ ಕೈಯಿಂದ ಜಾರಿದರೆ? ಆಗ ತೊಂದರೆ ಸ್ನಾಯುವಿನಲ್ಲಿ ಮಾತ್ರವಲ್ಲ, ನರದಲ್ಲಿಯೂ ಇರಬಹುದು ಎಂದು ಯೋಚಿಸಬೇಕು. ಇದಕ್ಕೆ ಸಾಮಾನ್ಯವಾಗಿ ಕಾಣುವ ಒಂದು ಕಾರಣ ಕುತ್ತಿಗೆಯ ಡಿಸ್ಕ್ ಹೊರಚಾಚುವುದು. ಜನರ ಬಾಯಲ್ಲಿ ಇದು 'ಸ್ಲಿಪ್ ಡಿಸ್ಕ್' ಅಥವಾ 'ಡಿಸ್ಕ್ ಜಾರಿದೆ' ಎಂದಾಗಿದೆ.

ಈ ಹೆಸರು ಕೇಳಿದೊಡನೆ ಆಪರೇಶನ್, ಹಾಸಿಗೆ, ಪಾರ್ಶ್ವವಾಯು ಎಂದು ಹೆದರುವವರಿದ್ದಾರೆ. ಏನೂ ಆಗದವರಂತೆ ತಿಂಗಳುಗಟ್ಟಲೆ ತಳ್ಳುವವರೂ ಇದ್ದಾರೆ. ಎರಡೂ ತಪ್ಪು. ಹೆಚ್ಚಿನವರಿಗೆ ಆಪರೇಶನ್ ಇಲ್ಲದೆಯೇ ಇದು ವಾಸಿಯಾಗುತ್ತದೆ. ಆದರೆ ಕೆಲವು ಲಕ್ಷಣಗಳು ಕಂಡರೆ ಒಂದು ವಾರವೂ ಕಾಯುವಂತಿಲ್ಲ. ಕಾಯಬಹುದಾದದ್ದು ಯಾವುದು, ಕಾಯಬಾರದ್ದು ಯಾವುದು ಎಂಬುದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರುವುದು ಒಳ್ಳೆಯದು.

ಡಿಸ್ಕ್ ಎಂದರೇನು?

ನಮ್ಮ ಕುತ್ತಿಗೆಯಲ್ಲಿ ಒಂದರ ಮೇಲೊಂದು ಕೂರಿಸಿದಂತೆ 7 ಮೂಳೆಗಳಿವೆ. ಮೇಲಿನ ಎರಡು ಮೂಳೆಗಳ ನಡುವೆ ಡಿಸ್ಕ್ ಇಲ್ಲ. ಅಲ್ಲಿಂದ ಕೆಳಕ್ಕೆ ಪ್ರತಿ ಎರಡು ಮೂಳೆಗಳ ನಡುವೆ ಒಂದೊಂದು ಮೆತ್ತೆಯಿದೆ. ಇದೇ ಡಿಸ್ಕ್. ತಲೆಯ ಭಾರವನ್ನು ತಾಳುವುದು, ಕತ್ತು ಬಾಗಲು ಮತ್ತು ತಿರುಗಲು ನೆರವಾಗುವುದು ಇದರ ಕೆಲಸ. ಹೂರಣ ತುಂಬಿದ ಕಡುಬನ್ನು ನೆನಪಿಸಿಕೊಳ್ಳಿ. ಹೊರಗೆ ಗಟ್ಟಿಯಾದ ನಾರಿನ ಪದರಗಳು, ಒಳಗೆ ಮೆತ್ತನೆಯ ಲೋಳೆಯಂಥ ತಿರುಳು.

ವಯಸ್ಸಾದಂತೆ ತಿರುಳಿನ ನೀರಿನಂಶ ಕಡಿಮೆಯಾಗುತ್ತದೆ, ಹೊರಗಿನ ನಾರು ಸವೆದು ಸಣ್ಣದಾಗಿ ಬಿರಿಯುತ್ತದೆ. ಆ ಬಿರುಕಿನಿಂದ ಒಳಗಿನ ತಿರುಳು ಹೊರಕ್ಕೆ ಚಾಚಿಕೊಳ್ಳಬಹುದು. ಅಂದರೆ ಡಿಸ್ಕ್ ಇಡಿಯಾಗಿ ಜಾರಿ ಎಲ್ಲಿಗೂ ಹೋಗಿರುವುದಿಲ್ಲ. ಅದರ ಒಂದು ಭಾಗ ಉಬ್ಬಿ ಹೊರಬಂದಿರುತ್ತದೆ, ಅಷ್ಟೇ. 'ಜಾರಿದ' ಡಿಸ್ಕನ್ನು ತಳ್ಳಿ ಜಾಗಕ್ಕೆ ಕೂರಿಸುತ್ತೇವೆ ಎನ್ನುವವರ ಮಾತನ್ನು ನಂಬಬಾರದು ಎನ್ನುವುದಕ್ಕೆ ಇದೇ ಕಾರಣ.

ಇದಕ್ಕೆ ಭಾರ ಎತ್ತಿದ್ದೇ ಕಾರಣವಾಗಬೇಕೆಂದೂ ಇಲ್ಲ. ಅಮೆರಿಕದ ರೋಚೆಸ್ಟರ್ ನಗರದಲ್ಲಿ 1976ರಿಂದ 1990ರವರೆಗೆ ಕುತ್ತಿಗೆಯ ನರ ಒತ್ತಿಹೋದವರ ದಾಖಲೆಗಳನ್ನು ಪರಿಶೀಲಿಸಿದಾಗ, ಪೆಟ್ಟು ಅಥವಾ ಹೆಚ್ಚಿನ ಶ್ರಮದ ನಂತರ ತೊಂದರೆ ಆರಂಭವಾದವರು ಸುಮಾರು ಶೇ. 15 ಮಾತ್ರ. ಉಳಿದವರಿಗೆ ಇಂಥದ್ದೇ ಕಾರಣವೆಂದು ತೋರಿಸುವಂತಿರಲಿಲ್ಲ. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 83 ಮಂದಿಗೆ ಹೊಸದಾಗಿ ಈ ತೊಂದರೆ ಕಾಣಿಸಿಕೊಂಡಿತ್ತು. ನಡುವಯಸ್ಸಿನವರಲ್ಲೇ ಇದು ಹೆಚ್ಚು.

ಯಾವ ಬೆರಳಿನಲ್ಲಿ ಜೋಮು?

ಮೂಳೆಗಳ ಸಾಲಿನ ಒಳಗೆ ಮೆದುಳಿನಿಂದ ಇಳಿಯುವ ಬೆನ್ನುಹುರಿ ಇದೆ. ಅದರಿಂದ ಕುತ್ತಿಗೆಯ ಎರಡೂ ಬದಿಗೆ 8 ಜೊತೆ ನರಗಳು ಹೊರಡುತ್ತವೆ. ಹೆಗಲು, ತೋಳು, ಬೆರಳುಗಳಿಗೆ ಬಲ ಮತ್ತು ಸ್ಪರ್ಶ ಕೊಡುವುದು ಮುಖ್ಯವಾಗಿ ಇವುಗಳಲ್ಲಿ ಕೆಳಗಿನವು. ಹೊರಚಾಚಿದ ಡಿಸ್ಕ್ ನರದ ಬುಡವನ್ನು ಒತ್ತುತ್ತದೆ, ಸುತ್ತ ಉರಿಯೂತವನ್ನೂ ಉಂಟುಮಾಡುತ್ತದೆ. ಒತ್ತಿದ್ದು ಕತ್ತಿನಲ್ಲಾದರೂ ನೋವು ಕಾಣಿಸುವುದು ಆ ನರ ತಲುಪುವ ಜಾಗದಲ್ಲಿ. ಕೆಲವರಿಗೆ ಕತ್ತೇ ನೋಯುವುದಿಲ್ಲ, ಕೈ ಮಾತ್ರ ನೋಯುತ್ತದೆ.

ಆದ್ದರಿಂದ ವೈದ್ಯರು ಮೊದಲು ಕೇಳುವುದೇ 'ಯಾವ ಬೆರಳು?' ಎಂದು. ಸ್ಥೂಲವಾಗಿ ಹೀಗೆ ನೆನಪಿಡಬಹುದು.

4 ಮತ್ತು 5ನೆಯ ಮೂಳೆಗಳ ನಡುವಿನ ಡಿಸ್ಕ್ ಒತ್ತಿದರೆ ಹೆಗಲಿನಲ್ಲಿ ನೋವು ಇರುತ್ತದೆ. ತೋಳನ್ನು ಬದಿಯಿಂದ ಮೇಲೆತ್ತಲು ಬಲ ಸಾಲದು. ಮೇಲಿನ ಕಪಾಟಿನಿಂದ ಡಬ್ಬ ತೆಗೆಯುವುದು, ತಲೆ ಬಾಚುವುದು ಕಷ್ಟವಾಗುತ್ತದೆ.

5 ಮತ್ತು 6ರ ನಡುವಿನದಾದರೆ ನೋವು ರಟ್ಟೆಯಿಂದ ಮುಂಗೈಯ ಹೆಬ್ಬೆರಳ ಬದಿಗೆ ಇಳಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಜೋಮು. ಮೊಣಕೈ ಮಡಚಿ ಬಕೆಟ್ ಎತ್ತಲು, ಮಣಿಕಟ್ಟನ್ನು ಮೇಲಕ್ಕೆ ಬಾಗಿಸಲು ಬಲ ಕಡಿಮೆ.

6 ಮತ್ತು 7ರ ನಡುವಿನದಾದರೆ ನೋವು ತೋಳಿನ ಹಿಂಬದಿಯಿಂದ ನಡುಬೆರಳಿಗೆ ಬರುತ್ತದೆ. ಮೊಣಕೈ ನೀಡಿ ತಳ್ಳುವ ಬಲ ಕುಗ್ಗುತ್ತದೆ. ಭಾರದ ಬಾಗಿಲು ತಳ್ಳುವಾಗ, ನೆಲಕ್ಕೆ ಕೈಯೂರಿ ಏಳುವಾಗ ಇದು ಗೊತ್ತಾಗುತ್ತದೆ. ಡಿಸ್ಕ್ ತೊಂದರೆ ಹೆಚ್ಚಾಗಿ ಕಾಣುವುದು ಈ ಮಟ್ಟದಲ್ಲಿ ಮತ್ತು ಇದಕ್ಕಿಂತ ಮೇಲಿನ ಮಟ್ಟದಲ್ಲಿ.

7ನೆಯ ಮೂಳೆಯ ಕೆಳಗಿನ ಡಿಸ್ಕ್ ಆದರೆ ಉಂಗುರಬೆರಳು ಮತ್ತು ಕಿರುಬೆರಳಿನಲ್ಲಿ ಜೋಮು ಇರುತ್ತದೆ. ಮುಷ್ಟಿಯ ಹಿಡಿತ ಸಡಿಲಾಗುತ್ತದೆ. ಬಾಟಲಿಯ ಮುಚ್ಚಳ ತಿರುಗಿಸಲು, ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ.

ಎಲ್ಲರಲ್ಲೂ ಇದು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಆದರೂ ಯಾವ ಬೆರಳು, ಯಾವ ಕೆಲಸ ಎಂದು ಗಮನಿಸಿ ಹೇಳಿದರೆ ವೈದ್ಯರಿಗೆ ಅರ್ಧ ದಾರಿ ಸಿಕ್ಕಂತೆ.

ಇತರ ಸಾಮಾನ್ಯ ಲಕ್ಷಣಗಳು

ನರದ ನೋವು ಮೈಕೈ ನೋವಿನಂತಲ್ಲ. ಉರಿದಂತೆ, ಚುಚ್ಚಿದಂತೆ, ಕರೆಂಟು ಹೊಡೆದಂತೆ ಇರುತ್ತದೆ. ಸಾಮಾನ್ಯವಾಗಿ ಒಂದೇ ಕೈಯಲ್ಲಿ ಇರುತ್ತದೆ. ಹೆಗಲ ಹಲಗೆಯ ಒಳಬದಿಯಲ್ಲಿ ಆಳವಾದ ನೋವು ಇರಬಹುದು. ಕತ್ತನ್ನು ಹಿಂದಕ್ಕೆ ಬಾಗಿಸಿ ನೋವಿರುವ ಬದಿಗೆ ತಿರುಗಿಸಿದಾಗ ಕೈನೋವು ಹೆಚ್ಚುತ್ತದೆ. ಕೆಮ್ಮು, ಸೀನು ಬಂದಾಗಲೂ ಹೆಚ್ಚಬಹುದು. ನೋವಿರುವ ಕೈಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಕೆಲವರಿಗೆ ಹಾಯೆನಿಸುತ್ತದೆ, ಏಕೆಂದರೆ ಆ ಭಂಗಿಯಲ್ಲಿ ನರದ ಮೇಲಿನ ಎಳೆತ ಕಡಿಮೆಯಾಗುತ್ತದೆ. ನಿಮ್ಮ ಮನೆಯವರು ಹೀಗೆ ತಲೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಆದರೆ ಪರೀಕ್ಷೆ ಮಾಡಲೆಂದು ಕತ್ತನ್ನು ಮನೆಯಲ್ಲಿ ಬಲವಂತವಾಗಿ ಬಾಗಿಸುವುದು, ತಲೆಯ ಮೇಲೆ ಒತ್ತುವುದು ಬೇಡ.

ಕಾಯಬಾರದ ಲಕ್ಷಣಗಳು

ಡಿಸ್ಕ್ ಬದಿಗೆ ಚಾಚಿದರೆ ಒಂದು ನರ ಒತ್ತಿಹೋಗುತ್ತದೆ. ನೇರ ಹಿಂದಕ್ಕೆ ಚಾಚಿದರೆ ಬೆನ್ನುಹುರಿಯೇ ಒತ್ತಿಹೋಗಬಹುದು. ಇದು ಹೆಚ್ಚು ಅಪಾಯಕಾರಿ. ಇಲ್ಲಿ ನೋವು ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಆದ್ದರಿಂದಲೇ ಜನ ಮೋಸಹೋಗುತ್ತಾರೆ. ನೋವು ತೀವ್ರವಾಗಿದ್ದಾಗ ಆಸ್ಪತ್ರೆಗೆ ಓಡುತ್ತಾರೆ, ನೋವಿಲ್ಲದೆ ಬಲ ಹೋಗುತ್ತಿದ್ದಾಗ 'ನಿಶ್ಶಕ್ತಿ' ಎಂದು ಟಾನಿಕ್ ಕುಡಿಯುತ್ತಾರೆ.

ಈ ಕೆಳಗಿನವನ್ನು ಗಮನಿಸಿ:

ಅಂಗಿಯ ಗುಂಡಿ ಹಾಕಲು, ಹಿಜಾಬಿನ ಪಿನ್ನು ಚುಚ್ಚಲು, ಸೂಜಿಗೆ ದಾರ ಪೋಣಿಸಲು ಬೆರಳು ಮಾತು ಕೇಳದಿರುವುದು. ತಸ್ಬೀಹ್ ಮಣಿಗಳು ಬೆರಳಿಗೆ ಸರಿಯಾಗಿ ಸಿಗದಿರುವುದು. ಕೈಬರಹ ಕೆಡುವುದು.

ನಡೆಯುವಾಗ ತೂರಾಡುವುದು, ಕಾಲು ಬಿಗಿಯಾಗುವುದು, ಮೆಟ್ಟಿಲಿಳಿಯಲು ಕಂಬಿ ಬೇಕಾಗುವುದು, ಚಪ್ಪಲಿ ಕಾಲಿನಿಂದ ಕಳಚಿದ್ದು ತಿಳಿಯದಿರುವುದು.

ಕತ್ತು ಮುಂದಕ್ಕೆ ಬಾಗಿಸಿದಾಗ ಬೆನ್ನಿನಲ್ಲಿ ಅಥವಾ ಕೈಕಾಲುಗಳಲ್ಲಿ ಕರೆಂಟು ಹರಿದಂತಾಗುವುದು.

ಎರಡೂ ಕೈಗಳಲ್ಲಿ ಜೋಮು ಅಥವಾ ಬಲಹೀನತೆ. ಒಂದು ಕೈಯ ಬಲ ದಿನದಿಂದ ದಿನಕ್ಕೆ ಕುಗ್ಗುವುದು.

ಮೂತ್ರ ಹಿಡಿದಿಡಲು ಆಗದಿರುವುದು ಅಥವಾ ಬಂದರೂ ಹೋಗದಿರುವುದು, ಮಲದ ಮೇಲೆ ಹತೋಟಿ ತಪ್ಪುವುದು.

ಮನೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಗಡಿಯಾರ ನೋಡಿಕೊಂಡು 10 ಸೆಕೆಂಡುಗಳಲ್ಲಿ ಮುಷ್ಟಿಯನ್ನು ಪೂರ್ತಿ ಮುಚ್ಚಿ, ಪೂರ್ತಿ ಬಿಡಿಸಿ, ಎಷ್ಟು ಸಲ ಆಗುತ್ತದೆ ಎಂದು ಎಣಿಸಿ. ಆರೋಗ್ಯವಂತರು ಸಾಮಾನ್ಯವಾಗಿ 20 ಸಲ ಅಥವಾ ಅದಕ್ಕಿಂತ ಹೆಚ್ಚು ಮಾಡಬಲ್ಲರು. ಅಷ್ಟಾಗದೆ ಬೆರಳುಗಳು ನಿಧಾನವಾದರೆ ವೈದ್ಯರಿಗೆ ಹೇಳಿ. ಸಂಧಿವಾತ ಇರುವವರಿಗೂ ವಯಸ್ಸಾದವರಿಗೂ ಕಡಿಮೆಯಾಗಬಹುದು. ಆದ್ದರಿಂದ ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ.

ಮೇಲಿನ ಲಕ್ಷಣಗಳಿದ್ದರೆ ಮೂಳೆ ತಜ್ಞರನ್ನೋ ನರರೋಗ ತಜ್ಞರನ್ನೋ ತಡಮಾಡದೆ ಕಾಣಬೇಕು. ಮೂತ್ರದ ಹತೋಟಿ ತಪ್ಪಿದರೆ, ಕಾಲಿನ ಬಲ ಹಠಾತ್ತನೆ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿ ಹೆಚ್ಚು ಕಾಲ ಒತ್ತಿಹೋದರೆ ಕಳೆದುಹೋದ ಬಲ ಆಪರೇಶನ್ ಮಾಡಿದರೂ ಪೂರ್ತಿಯಾಗಿ ಮರಳದಿರಬಹುದು. ಗಲ್ಫಿನಲ್ಲಿ ದುಡಿಯುವ ನಮ್ಮ ಎಷ್ಟೋ ಸಹೋದರರು 'ರಜೆಗೆ ಊರಿಗೆ ಹೋದಾಗ ತೋರಿಸಿದರಾಯಿತು' ಎಂದು ಮುಂದೂಡುತ್ತಾರೆ. ಫೋನಿನಲ್ಲಿ ಕೈಯ ಬಲ ಹೋಗುತ್ತಿದೆ, ನಡಿಗೆ ತಪ್ಪುತ್ತಿದೆ ಎಂದು ಕೇಳಿಬಂದರೆ ರಜೆಯವರೆಗೆ ಕಾಯಲು ಬಿಡಬೇಡಿ. ಇದ್ದಲ್ಲಿಯೇ ವೈದ್ಯರನ್ನು ಕಾಣುವಂತೆ ಒತ್ತಾಯಿಸಿ.

ಕೈನೋವೆಲ್ಲ ಡಿಸ್ಕ್ ಅಲ್ಲ

ಎಡಗೈ ನೋವಿನ ಜೊತೆ ಎದೆಯಲ್ಲಿ ಬಿಗಿತ, ಬೆವರು, ಉಸಿರುಗಟ್ಟುವಿಕೆ, ವಾಕರಿಕೆ ಇದ್ದರೆ ಅಥವಾ ನಡೆದಾಗ, ಮೆಟ್ಟಿಲೇರಿದಾಗ ನೋವು ಬಂದು ನಿಂತಾಗ ಕಡಿಮೆಯಾದರೆ ಮೊದಲು ಹೃದಯದ ಬಗ್ಗೆ ಯೋಚಿಸಿ. ನೋವು, ಬೆವರು ನಿಲ್ಲದಿದ್ದರೆ ಕತ್ತಿಗೆ ಮುಲಾಮು ಹಚ್ಚುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತದ ಎದೆನೋವು ಸ್ಪಷ್ಟವಾಗಿ ಇರದಿರಬಹುದು ಎಂಬುದನ್ನೂ ಮರೆಯಬೇಡಿ. ಮುಖ ಓರೆಯಾಗಿ, ಮಾತು ತೊದಲಿ, ಒಂದು ಕೈ ಹಠಾತ್ತನೆ ಬಿದ್ದುಹೋದರೆ ಅದು ಮೆದುಳಿನ ಆಘಾತ. ಅಲ್ಲಿಯೂ ನಿಮಿಷಗಳು ಮುಖ್ಯ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಬಂದು ಎಚ್ಚರವಾಗಿ, ಕೈ ಕೊಡವಿದರೆ ಕಡಿಮೆಯಾಗುತ್ತದೆಯೇ? ಹಾಗಾದರೆ ನರ ಒತ್ತಿಹೋದದ್ದು ಕತ್ತಿನಲ್ಲಿ ಅಲ್ಲ, ಮಣಿಕಟ್ಟಿನಲ್ಲಿ ಇರಬಹುದು. ಗರ್ಭಿಣಿಯರಲ್ಲಿ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು. ಹೆಗಲ ಕೀಲೇ ಬಿಗಿದು ಕೈ ಹಿಂದಕ್ಕೆ ಹೋಗದಿದ್ದರೆ ಅದು ಬಿಗಿದ ಭುಜ, ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಯಿಂದಲೇ ಬರುವ ಜೋಮು ಸಾಮಾನ್ಯವಾಗಿ ಪಾದಗಳಿಂದ ಶುರುವಾಗುತ್ತದೆ.

ಕತ್ತುನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿನೋವು ಇದ್ದರೆ ಮೂಳೆಯ ಕ್ಷಯ ಅಥವಾ ಗಡ್ಡೆಯ ಸಾಧ್ಯತೆಯನ್ನು ವೈದ್ಯರು ಪರೀಕ್ಷಿಸಬೇಕಾಗುತ್ತದೆ.

ಸ್ಕ್ಯಾನ್ ಯಾವಾಗ?

ನೋವು ಶುರುವಾದ ಮರುದಿನವೇ ಎಮ್ಆರ್‌ಐ ಮಾಡಿಸಬೇಕೆಂದಿಲ್ಲ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಸ್ವಯಂಸೇವಕರ ಕುತ್ತಿಗೆಯ ಎಮ್ಆರ್‌ಐ ಮಾಡಿದಾಗ ಶೇ. 87.6 ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಂಡಿತು. 2015ರಲ್ಲಿ ಪ್ರಕಟವಾದ ಅಧ್ಯಯನವಿದು. ಅಂದರೆ ಸ್ಕ್ಯಾನ್ ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದು ಬರೆದಿರುವುದೇ ಕಾಯಿಲೆಯಲ್ಲ. ನಿಮ್ಮ ಬೆರಳಿನ ಜೋಮು, ಕೈಯ ಬಲ, ವೈದ್ಯರ ಪರೀಕ್ಷೆ ಮತ್ತು ಸ್ಕ್ಯಾನಿನ ಚಿತ್ರ ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಬಲಹೀನತೆ ಇದ್ದರೆ, ಬೆನ್ನುಹುರಿ ಒತ್ತಿದ ಲಕ್ಷಣಗಳಿದ್ದರೆ ಕೂಡಲೇ, ಇಲ್ಲವಾದರೆ ಆರು ವಾರಗಳ ಚಿಕಿತ್ಸೆಗೂ ನೋವು ಬಗ್ಗದಿದ್ದರೆ ಸ್ಕ್ಯಾನ್ ಬೇಕಾಗುತ್ತದೆ.

ವಾಸಿಯಾಗುವ ಬಗೆ

ಸಮಾಧಾನದ ಸಂಗತಿಯೆಂದರೆ, ಕೈಗೆ ಇಳಿಯುವ ನೋವು ಹೆಚ್ಚಿನವರಲ್ಲಿ 6ರಿಂದ 12 ವಾರಗಳಲ್ಲಿ ಇಳಿಮುಖವಾಗುತ್ತದೆ. ಹೊರಬಂದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸುವುದೂ ಉಂಟು. ಮೇಲೆ ಹೇಳಿದ ರೋಚೆಸ್ಟರಿನ ರೋಗಿಗಳಲ್ಲಿ ಕೊನೆಯ ಬಾರಿ ವಿಚಾರಿಸಿದಾಗ ಸುಮಾರು ಶೇ. 90 ಮಂದಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪ ಮಾತ್ರ ಇತ್ತು.

ಆ ತನಕ ಮಾಡಬೇಕಾದದ್ದು ನೋವನ್ನು ಹತೋಟಿಯಲ್ಲಿಡುವುದು. ವೈದ್ಯರು ಉರಿಯೂತ ಇಳಿಸುವ ಮಾತ್ರೆ, ಅಗತ್ಯವಿದ್ದರೆ ನರದ ನೋವಿನ ಮಾತ್ರೆ ಕೊಡುತ್ತಾರೆ. ಒಂದೆರಡು ದಿನ ವಿಶ್ರಾಂತಿ ಸಾಕು, ವಾರಗಟ್ಟಲೆ ಮಲಗಿದರೆ ಸ್ನಾಯುಗಳು ಸೋಲುತ್ತವೆ. ಕುತ್ತಿಗೆಯ ಪಟ್ಟಿಯನ್ನು ವೈದ್ಯರು ಹೇಳಿದರೆ ಹೇಳಿದಷ್ಟು ದಿನ ಮಾತ್ರ ಹಾಕಿ. ನೋವು ತಗ್ಗಿದ ಮೇಲೆ ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮಗಳನ್ನು ನಿಲ್ಲಿಸದೆ ಮಾಡಬೇಕು. ಮಲಗುವಾಗ ತಲೆ ಮತ್ತು ಬೆನ್ನು ಒಂದೇ ಗೆರೆಯಲ್ಲಿರುವಂತೆ ಒಂದು ದಿಂಬು ಸಾಕು. ಎರಡು ದಿಂಬು ಪೇರಿಸುವುದೂ ಕವುಚಿ ಮಲಗುವುದೂ ಬೇಡ.

ಬಲ ಕುಗ್ಗುತ್ತಿದ್ದರೆ, ಬೆನ್ನುಹುರಿ ಒತ್ತಿಹೋಗಿದ್ದರೆ ಅಥವಾ ತಿಂಗಳುಗಳ ಚಿಕಿತ್ಸೆಗೂ ನೋವು ಜಗ್ಗದಿದ್ದರೆ ಆಪರೇಶನ್ ಸಲಹೆ ಬರುತ್ತದೆ. ಸಾಮಾನ್ಯವಾಗಿ ಕುತ್ತಿಗೆಯ ಮುಂಭಾಗದಿಂದ ಡಿಸ್ಕನ್ನು ತೆಗೆದು ಆ ಎರಡು ಮೂಳೆಗಳನ್ನು ಬೆಸೆಯುತ್ತಾರೆ. ಕೆಲವರಿಗೆ ಕೃತಕ ಡಿಸ್ಕ್ ಕೂರಿಸುತ್ತಾರೆ. ಬಲಹೀನತೆ ಇಲ್ಲದೆ ಬರೀ ನೋವಿಗೆ ಅವಸರದಲ್ಲಿ ಆಪರೇಶನ್ ಎಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು.

ಇವನ್ನು ಮಾಡಬೇಡಿ

ಕ್ಷೌರದಂಗಡಿಯಲ್ಲಿ ತಲೆ ಹಿಡಿದು 'ಲಟಕ್' ಎಂದು ಕತ್ತು ತಿರುಗಿಸಿಕೊಳ್ಳುವ ಅಭ್ಯಾಸ ಎಷ್ಟೋ ಮಂದಿಗಿದೆ. ಡಿಸ್ಕ್ ಚಾಚಿರುವವರಿಗೆ ಇದು ಅಪಾಯ. ಹಠಾತ್ತಾಗಿ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಮೆದುಳಿನ ಆಘಾತವಾದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಮೂಳೆ ಕೂರಿಸುವವರಿಂದ ಕತ್ತು ಎಳೆಸಿಕೊಳ್ಳುವುದು, ತಿಕ್ಕಿಸಿಕೊಳ್ಳುವುದೂ ಬೇಡ. ಹಿಜಾಮ ಮಾಡಿಸಿಕೊಳ್ಳುವ ಆಸೆಯಿದ್ದವರು ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿ. ಕೈಯ ಬಲ ಹೋಗುತ್ತಿರುವಾಗ ಅದನ್ನೇ ಚಿಕಿತ್ಸೆ ಎಂದುಕೊಂಡು ದಿನ ಕಳೆಯಬೇಡಿ.

ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ, ಹೊಟ್ಟೆಗೆ ಹಾನಿಯಾಗುತ್ತದೆ. ರಕ್ತದೊತ್ತಡ, ಸಕ್ಕರೆ, ಹೃದಯದ ತೊಂದರೆ ಇರುವವರು ಇದರಲ್ಲಿ ಇನ್ನೂ ಎಚ್ಚರವಾಗಿರಬೇಕು. ಜೋಮು ಹಿಡಿದ ಕೈಗೆ ಬಿಸಿನೀರಿನ ಚೀಲ ಇಡುವಾಗ ಇನ್ನೊಂದು ಕೈಯಿಂದ ಬಿಸಿ ನೋಡಿ, ಸುಟ್ಟದ್ದೇ ತಿಳಿಯದಿರಬಹುದು.

ನಮಾಝ್ ಹೇಗೆ?

ಕತ್ತುನೋವು ಇದ್ದವರು ವೈದ್ಯರಲ್ಲಿ ಹೇಳಲು ಸಂಕೋಚಪಡುವ ಒಂದು ವಿಷಯ ಇದು. ಸುಜೂದ್‌ಗೆ ಬಾಗುವಾಗ, ಸಲಾಮ್‌ಗೆ ಮುಖ ತಿರುಗಿಸುವಾಗ ನೋವು ಕೈಗೆ ಸೆಳೆಯುತ್ತದೆಯೇ? ಅದು ರೋಗದ ಲಕ್ಷಣವೇ ಆದ್ದರಿಂದ ವೈದ್ಯರಿಗೆ ತಿಳಿಸಿ. ನೋವು ಸೌಮ್ಯವಾಗಿದ್ದರೆ ನಿಧಾನವಾಗಿ, ಅಂಗೈಗಳ ಮೇಲೆ ಭಾರ ಹಾಕಿ ಬಾಗಿ. ತಲೆಯ ಮೇಲೆ ಭಾರ ಬೀಳದಿರಲಿ. ಸಲಾಮ್‌ಗೆ ನೋವಾಗದಷ್ಟು ಮಾತ್ರ ತಿರುಗಿ. ಬಾಗುವುದು ಬೇಡವೆಂದು ವೈದ್ಯರು ಹೇಳಿದ್ದರೆ ಹಟ ಬೇಡ. ನಿಲ್ಲಲಾಗದವರಿಗೆ ಕುಳಿತು, ಬಾಗಲಾಗದವರಿಗೆ ಸನ್ನೆಯಿಂದ ನಮಾಝ್ ನಿರ್ವಹಿಸಲು ಧರ್ಮದಲ್ಲಿ ರಿಯಾಯಿತಿ ಇದೆ. ನಿಮ್ಮ ಸ್ಥಿತಿಗೆ ಯಾವುದು ಸರಿ ಎಂದು ಮಸೀದಿಯ ಇಮಾಮರಲ್ಲಿ ಕೇಳಿ ತಿಳಿಯಿರಿ.

ದುಡಿಮೆ ಮತ್ತು ಮೊಬೈಲ್

ವಯಸ್ಕರ ತಲೆಯ ತೂಕ ಸುಮಾರು 5 ಕೆ.ಜಿ. ಕತ್ತು 60 ಡಿಗ್ರಿ ಬಾಗಿದಾಗ ಅದರ ಮೇಲೆ ಬೀಳುವ ಭಾರ ಸುಮಾರು 27 ಕೆ.ಜಿ.ಗೆ ಏರುತ್ತದೆ ಎಂದು 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ಬೀಡಿ ಕಟ್ಟುವ ತಾಯಂದಿರು, ಹೊಲಿಗೆ ಮತ್ತು ಕಸೂತಿ ಮಾಡುವವರು ದಿನವಿಡೀ ತಲೆ ತಗ್ಗಿಸಿಯೇ ಇರುತ್ತಾರೆ. ಮಕ್ಕಳು ಮೊಬೈಲ್ ಹಿಡಿದು ಅದೇ ಭಂಗಿಯಲ್ಲಿ ಕೂರುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು, ಹೆಗಲನ್ನು ಹಿಂದಕ್ಕೆ ತಂದು, ಕತ್ತನ್ನು ನೇರ ಮಾಡಿ. ಬೀಡಿಯ ಮೊರವನ್ನು ಮಡಿಲಿನಿಂದ ಒಂದಿಷ್ಟು ಎತ್ತರಕ್ಕೆ ತನ್ನಿ, ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಹಿಡಿಯಿರಿ. ಧೂಮಪಾನ ಬಿಡಿ, ಅದು ಡಿಸ್ಕಿನ ಸವೆತಕ್ಕೂ ಒಂದು ಕಾರಣ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಮನೆಯ ಹೆಂಗಸು 'ಕೈ ಜೋಮು ಹಿಡಿಯುತ್ತಿದೆ, ಪಾತ್ರೆ ಜಾರುತ್ತಿದೆ' ಎಂದರೆ ಅದನ್ನು ಕೆಲಸಗಳ್ಳತನ ಎಂದುಕೊಳ್ಳಬೇಡಿ. ಯಾವ ಬೆರಳು, ಎಷ್ಟು ದಿನದಿಂದ, ನಡಿಗೆ ಹೇಗಿದೆ ಎಂದು ಕೇಳಿ. ಕೈಹಿಡಿದು ಬಲ ನೋಡಿ. ಬಲ ಸರಿಯಿದ್ದರೆ ಧೈರ್ಯ ಹೇಳಿ, ವೈದ್ಯರಿಗೆ ತೋರಿಸಿ, ಒಂದೆರಡು ತಿಂಗಳು ಭಾರದ ಕೆಲಸ ತಪ್ಪಿಸಿ. ಬಲ ಕುಗ್ಗಿದ್ದರೆ, ನಡಿಗೆ ಬದಲಾಗಿದ್ದರೆ ಈ ವಾರವೇ ತಜ್ಞರ ಬಳಿಗೆ ಕರೆದುಕೊಂಡು ಹೋಗಿ.